ಬೇಸಿಗೆಗೊಂದು, ಮುಪ್ಪಿಗೊಂದು

ಊಟದ ತಟ್ಟೆಯ ಮೇಲೆ, ಖಾಲಿ ಬಟ್ಟಲಿನ ಪಕ್ಕದಲ್ಲಿ, ಗ್ರಾಫಿಕ್ಸ್ ಕಾರ್ಡು ಇತ್ತು.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಗನ ಕೋಣೆಯ ಬಾಗಿಲ ಬಳಿಯಿಂದ ತಟ್ಟೆ ಎತ್ತಲೆಂದು ಬಗ್ಗಿದ ಲಾಯ್ ಚಿನ್‌ಫೆಂಗ್ ಬಗ್ಗಿದಂತೆಯೇ ಉಳಿದಳು. ಅವಳಿಗೆ ಮಂಡಿನೋವು. ಬಗ್ಗುವುದು ಕಷ್ಟ, ಏಳುವುದು ಇನ್ನೂ ಕಷ್ಟ. ಆವತ್ತು ಎರಡೂ ನೆನಪಾಗಲಿಲ್ಲ. ಮಗ ಬಟ್ಟಲನ್ನು ತಟ್ಟೆಯ ಒಂದು ಅಂಚಿಗೆ ಸರಿಸಿ, ಕಾರ್ಡನ್ನು ಇನ್ನೊಂದು ಅಂಚಿಗೆ ಇಟ್ಟಿದ್ದ. ಸಾರಿನ ಪಸೆ ತಗುಲದಂತೆ ಕೆಳಗೆ ಒಣಬಟ್ಟೆ ಹಾಸಿದ್ದ. ಕಂಪ್ಯೂಟರಿನೊಳಗೆ ಕೂರುವ ಕಡೆ ಕಾರ್ಡಿಗೆ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ಅವಕ್ಕೆ ಬರಿಗೈ ತಾಗಬಾರದು. ಆ ಹಲ್ಲುಗಳಿಗೆ ಕಾಗದ ಮಡಿಚಿ ಟೊಪ್ಪಿಗೆ ತೊಡಿಸಿದ್ದ. ಹಾಗೆ ಟೊಪ್ಪಿಗೆ ಮಡಿಚುವುದನ್ನು ಅವನಿಗೆ ಕಲಿಸಿದವಳು ಚಿನ್‌ಫೆಂಗಳೇ.

ಆಹಾನ್ ಆ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ ಮೇಲೆ ತಾಯಿಯ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಕೋಣೆ ಅವನದಲ್ಲ, ಅವಳದು. ಐದನೇ ಮಹಡಿಯ ಆ ಮನೆಯಲ್ಲಿ ಬಚ್ಚಲು ಅಂಟಿಕೊಂಡಿದ್ದ ಕೋಣೆ ಅದೊಂದೇ. ಮಗ ಸೇನೆಯ ಕಡ್ಡಾಯ ಸೇವೆ ಮುಗಿಸಿ ಶಿಂಚು ಊರಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ, ನಾಳೆ ಸೊಸೆ ಬಂದರೆ ಅತ್ತೆಯ ಎದುರಿಗೆ ಬಚ್ಚಲಿಗೆ ಓಡಾಡುವ ಸಂಕೋಚ ಬೇಡ ಎಂದು ತನ್ನ ಮಂಚವನ್ನು ಹಿಂದಿನ ಸಣ್ಣ ಕೋಣೆಗೆ ಎಳೆದುಕೊಂಡು ಹೋಗಿದ್ದಳು. ಕೆಲವು ವರ್ಷಗಳ ಹಿಂದಿನ ಒಂದು ಶನಿವಾರ ಅವನು ಬಟ್ಟೆಯ ಚೀಲದೊಂದಿಗೆ ಬಂದ. ತಲೆನೋವು ಎಂದ. ಸೋಮವಾರ ಹೊರಡಲಿಲ್ಲ. ಕಾರ್ಖಾನೆಯಿಂದ ಫೋನು ಬಂತು, ಆಮೇಲೆ ಅದೂ ನಿಂತಿತು. ಅಲ್ಲಿ ಏನಾಯಿತು, ಯಾರು ಏನೆಂದರು, ಒಂದೂ ಅವಳಿಗೆ ತಿಳಿಯಲಿಲ್ಲ. ಬಚ್ಚಲು ಒಳಗೇ ಇದ್ದದ್ದರಿಂದ ಅವನಿಗೆ ಹೊರಗೆ ಬರುವ ಅಗತ್ಯವೇ ಬೀಳಲಿಲ್ಲ. ಸೊಸೆಗೆಂದು ಬಿಟ್ಟುಕೊಟ್ಟ ಅನುಕೂಲ ಹೀಗೆ ಒದಗಿತಲ್ಲ ಎಂದು ಚಿನ್‌ಫೆಂಗ್ ಎಷ್ಟೋ ಸಲ ಅಂದುಕೊಂಡಿದ್ದಾಳೆ.

ಮೊದಮೊದಲು ಬಾಗಿಲು ಬಡಿದಳು, ಬೈದಳು, ಅತ್ತಳು. ಒಮ್ಮೆ ಬೀಗ ತೆಗೆಯುವವನನ್ನು ಕರೆಸಿದಳು. ಒಳಗಿಂದ ಮಂಚ ಎಳೆದು ಬಾಗಿಲಿಗೆ ಒತ್ತುವ ಸದ್ದು ಕೇಳಿ ಬೀಗದವನನ್ನು ಹಾಗೇ ವಾಪಸ್ಸು ಕಳಿಸಿದಳು. ದೊಂಗ್‌ಗ್ವಾನ್‌ಗೆ ಕೆಲಸಕ್ಕೆಂದು ಸಮುದ್ರ ದಾಟಿ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ ಗಂಡ ಹೊಸವರ್ಷದ ದಿನ ಫೋನು ಮಾಡಿ, “ಹುಡುಗ ಹೇಗಿದಾನೆ?” ಎಂದು ಕೇಳುತ್ತಿದ್ದ. “ಚೆನ್ನಾಗಿದಾನೆ” ಎನ್ನುತ್ತಿದ್ದಳು. ಸಂಜೆ ತಟ್ಟೆ ಇಡುವುದು, ಬೆಳಿಗ್ಗೆ ತಟ್ಟೆ ಎತ್ತುವುದು, ಬುಟ್ಟಿಯಲ್ಲಿ ಬಟ್ಟೆ ಇದ್ದರೆ ಒಗೆಯುವುದು. ಬಾಳು ಅಷ್ಟಕ್ಕೆ ಇಳಿದಿತ್ತು.

ಉಳಿದದ್ದನ್ನು ಅವಳು ಕಿವಿಯಿಂದಲೇ ತಿಳಿಯುತ್ತಿದ್ದಳು. ಕಾರ್ಡಿನ ಫ್ಯಾನು ಜೋರಾಗಿ ತಿರುಗುತ್ತಿದ್ದರೆ ಮಗ ಎಚ್ಚರವಾಗಿದ್ದಾನೆ, ಕಂಪ್ಯೂಟರಿನಲ್ಲಿ ಆಡುತ್ತಿದ್ದಾನೆ. ಸದ್ದು ಇಳಿದರೆ ಊಟಕ್ಕೆ ಕೂತಿದ್ದಾನೆ. ನಿಂತರೆ ಮಲಗಿದ್ದಾನೆ. ಕೆಲವು ವಾರಗಳಿಂದ ಆ ಫ್ಯಾನು ಗರಗರ ಎನ್ನುತ್ತಿತ್ತು. ಅದರ ಅಚ್ಚು ಸವೆದಿದೆಯೆಂದು ಬಾಗಿಲ ಈಚೆಯಿಂದಲೇ ಅವಳಿಗೆ ಗೊತ್ತಾಗಿತ್ತು. ಏನು ಮಾಡುತ್ತಾನೋ ಎಂದು ಕಾದಿದ್ದಳು. ಈಗ ತಟ್ಟೆಯಲ್ಲಿ ಇಟ್ಟಿದ್ದ.

ಕಟ್ಟಡದ ನೆಲದ ಅಂತಸ್ತಿನಲ್ಲಿ ತಂಗಿ ಆಚುವಿನ ನಾಷ್ಟಾದ ಅಂಗಡಿ. ಕಬ್ಬಿಣದ ಹಂಚಿನ ಮೇಲೆ ಮೊಟ್ಟೆದೋಸೆ ಮಗುಚುತ್ತಲೇ ಆಚು ಅಕ್ಕನನ್ನು ನೋಡಿದಳು.

“ಏನಕ್ಕಾ, ಚೀಲ ತಬ್ಕೊಂಡು ಬರ್ತಿದೀಯ? ಲಾಟರಿ ಹೊಡೀತಾ?”

“ಆಹಾನ್ ಕಾರ್ಡ್ ಕೊಟ್ಟಿದಾನೆ ಕಣೇ. ಫ್ಯಾನ್ ಹೋಗಿದೆ.”

ಆಚುವಿನ ಸೌಟು ನಿಂತಿತು. “ಕೊಟ್ನಾ? ಕೈಯಲ್ಲಿ ಕೊಟ್ನಾ?”

“ತಟ್ಟೇಲಿಟ್ಟಿದ್ದ.”

“ಹಾಗನ್ನು. ನಾನೇನೋ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಅಂದ್ಕೊಂಡೆ. ಬಾಯಿಲ್ವಾ ಅವ್ನಿಗೆ? ‘ಅಮ್ಮಾ, ಇದು ಕೆಟ್ಟಿದೆ’ ಅಂದ್ರೆ ನಾಲಗೆ ಸವೆದುಹೋಗತ್ತಾ?” ಸೋಯಾಹಾಲಿನ ಲೋಟಕ್ಕೆ ಮುಚ್ಚಳ ಒತ್ತುತ್ತ ಆಚು ದನಿ ತಗ್ಗಿಸಿದಳು. “ನಾನು ಹೇಳೋದು ಕೇಳು. ರಿಪೇರಿ ಮಾಡ್ಬೇಡ. ಸಂಜೆ ಕಸದ ಗಾಡಿ ಹಾಡು ಹಾಕ್ಕೊಂಡು ಬರತ್ತಲ್ಲ, ಅದ್ರೊಳಗೆ ಎಸೆದ್ಬಿಡು. ಆಟ ಇಲ್ದಿದ್ರೆ ತಾನಾಗೇ ಬಾಗಿಲು ತೆಗೀತಾನೆ.”

“ಎಸೆದ್ರೆ ನನ್ನ ದ್ವೇಷ ಮಾಡ್ತಾನೆ.”

“ಈಗೇನು ಮುದ್ದು ಮಾಡ್ತಿದಾನಾ?”

 ಆಚು ದೋಸೆ ಸುತ್ತಿ ಅಕ್ಕನ ಚೀಲಕ್ಕೆ ಹಾಕಿದಳು.

“ನಿನ್ನ ಮಂಡಿ ನೋಡ್ಕೋ ಅಕ್ಕ. ಮೆಟ್ಲು ಹತ್ತೋವಾಗ ಕಂಬಿ ಹಿಡ್ಕೊಂಡು ನಿಂತ್ಕೋತೀಯ, ನಾನು ನೋಡಲ್ಲ ಅಂದ್ಕೊಂಡಿದೀಯಾ? ನಾಳೆ ನೀನು ಆಸ್ಪತ್ರೇಲಿ ಬಿದ್ಕೊಂಡ್ರೆ ಆ ತಟ್ಟೆ ಯಾರಿಡ್ತಾರೆ? ನಾನಂತೂ ಐದು ಮಹಡಿ ಹತ್ತಲ್ಲ. ಹತ್ತಿದ್ರೂ ತಟ್ಟೆ ಇಡಲ್ಲ, ಬಾಗಿಲಿಗೆ ಒದೀತೀನಿ.”

ಆ ಮಾತು ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಚಿನ್‌ಫೆಂಗಳ ಜೊತೆ ಬಂತು. ತಾನು ಕಾಲು ಕೆಟ್ಟು ಮಲಗುವುದರೊಳಗೆ ಅವನು ಹೊರಗೆ ಬರಬೇಕು. ಬೇರೆ ಏನೂ ಬೇಡ. ಕೆಲಸಕ್ಕೆ ಹೋಗುವುದು ಬೇಡ, ಮದುವೆ ಬೇಡ. ಬಾಗಿಲು ತೆಗೆದು ಅಡುಗೆಮನೆಯ ತನಕ ಬಂದು ತನ್ನ ಅನ್ನ ತಾನೇ ಬಡಿಸಿಕೊಂಡರೆ ಸಾಕು.

ತುಚೆಂಗ್‌ನ ಹಳೆಯ ಕಾರ್ಖಾನೆಗಳ ಬೀದಿಯಲ್ಲಿ ಅವಳು ದುಡಿಯುತ್ತಿದ್ದ ಸಣ್ಣ ಕಂಪನಿ ಆಟದ ಚಿತ್ರಗಳನ್ನು ಕಂಪ್ಯೂಟರಿನ ಪರದೆಗೆ ತರುವ ಗ್ರಾಫಿಕ್ಸ್ ಕಾರ್ಡುಗಳನ್ನು ಜೋಡಿಸಿ ಮಾರುತ್ತಿತ್ತು. ತೀರ ದುಬಾರಿಯದಲ್ಲ, ತೀರ ಅಗ್ಗದ್ದೂ ಅಲ್ಲ, ಆಟದ ಹುಚ್ಚಿನ ಕಾಲೇಜು ಹುಡುಗರು ಅಪ್ಪಅಮ್ಮನನ್ನು ಕಾಡಿ ಕೊಳ್ಳುವಂಥ ನಡುದರ್ಜೆಯ ಕಾರ್ಡುಗಳು. ಕಾರ್ಡಿನ ಮಿದುಳಿನಂತಿರುವ ಚಿಪ್ಪುಗಳು ಒಂದೇ ಅಚ್ಚಿನಲ್ಲಿ ಬಂದರೂ ಒಂದರ ಕಸುವು ಒಂದಕ್ಕಿರುವುದಿಲ್ಲ. ಯಾವುದು ಕಂಪನಿ ಗೊತ್ತುಮಾಡಿದ ವೇಗದಲ್ಲಿಯೇ ಏದುಸಿರು ಬಿಡುತ್ತದೆ, ಯಾವುದು ಅದಕ್ಕಿಂತ ಮೇಲೂ ಓಡುತ್ತದೆ ಎಂದು ಓಡಿಸಿಯೇ ನೋಡಬೇಕು. ಚೆನ್ನಾಗಿ ಓಡಿದ್ದಕ್ಕೆ ಹೆಚ್ಚಿನ ವೇಗವನ್ನು ಕಾರ್ಡಿನ ಒಳಗೇ ಬರೆದು, ಕೆಂಪು ಪಟ್ಟಿಯ ಡಬ್ಬಿಗೆ ಹಾಕಿ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಆ ಓಡಿಸಿ ನೋಡುವ ಮೇಜು ಚಿನ್‌ಫೆಂಗಳದು. ಅಲ್ಲಿ ಎಲ್ಲರಿಗೂ ಅವಳು ಲಾಯ್ ಜ್ಯೇ, ಲಾಯ್ ಅಕ್ಕ.

ಅವಳ ಪದ್ಧತಿ ನಿಧಾನದ್ದು. ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸುವುದು. ಪ್ರತಿ ಮೆಟ್ಟಿಲಿಗೂ ಕಾರ್ಡು ಚೆನ್ನಾಗಿ ಬಿಸಿಯಾಗುವ ತನಕ ಕಾಯುವುದು, ಯಾಕೆಂದರೆ ತಣ್ಣಗಿರುವಾಗ ಎಲ್ಲ ಕಾರ್ಡೂ ಜಾಣನೇ. ಪರದೆಯ ಮೇಲೆ ಬಣ್ಣದ ಚುಕ್ಕಿ ಸಿಡಿದರೆ, ಇಲ್ಲವೇ ಚಿತ್ರ ಹೆಪ್ಪುಗಟ್ಟಿ ನಿಂತರೆ, ಅದು ಆ ಚಿಪ್ಪಿನ ಎಲ್ಲೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು ಸ್ಥಿರವಾಗಿ ನಿಲ್ಲುವ ಜಾಗ ಹುಡುಕಬೇಕು. ಉಳಿದವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಕಾರ್ಡು ಸ್ಥಿರವಾಗಿ ನಿಂತ ಮೇಲೂ ಅವಳು ಇನ್ನೆರಡು ಮೆಟ್ಟಿಲು ಇಳಿಸುತ್ತಿದ್ದಳು. “ಒಂದು ಬೇಸಿಗೆಗೆ, ಒಂದು ಮುಪ್ಪಿಗೆ” ಎನ್ನುತ್ತಿದ್ದಳು. ಇಲ್ಲಿ ಏಸಿಯ ತಂಪಿನಲ್ಲಿ ನಿಲ್ಲುವ ಕಾರ್ಡು ಯಾರದೋ ತಗಡಿನ ಮಾಳಿಗೆಯ ಕೆಳಗೆ ನಡುಬೇಸಿಗೆಯ ಧಗೆಯಲ್ಲಿ ನಿಲ್ಲಬೇಕು. ಇವತ್ತು ನಿಲ್ಲುವುದು ಚಿಪ್ಪು ಹಳತಾದ ಮೇಲೂ ನಿಲ್ಲಬೇಕು. ಎರಡು ಮೆಟ್ಟಿಲು ಇಳಿಸಿದರೆ ಕೆಂಪು ಪಟ್ಟಿಯ ಡಬ್ಬಿಗಳು ಕಡಿಮೆಯಾಗುತ್ತವೆಂದು ಮಾರಾಟದವರು ಗೊಣಗುತ್ತಿದ್ದರು. ಆದರೂ ಅವಳ ಮೇಜಿನಿಂದ ಹೋದದ್ದು ಹಿಂದಕ್ಕೆ ಬರುತ್ತಿರಲಿಲ್ಲ ಎಂದು ಸುಮ್ಮನಿದ್ದರು.

ಆಹಾನ್ ಪ್ರಾಥಮಿಕ ಶಾಲೆಯಲ್ಲಿದ್ದಾಗ, ರಜೆಯಲ್ಲಿ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ, ಆ ಮೇಜಿನ ಪಕ್ಕದಲ್ಲಿಯೇ ಬೆಳೆದವನು. ಯಂತ್ರಗಳು ಹಟ ಮಾಡದಿರಲಿ ಎಂಬ ನಂಬಿಕೆಯಿಂದ ಆ ನಾಡಿನ ಎಲ್ಲ ಕಾರ್ಖಾನೆಗಳಂತೆ ಅಲ್ಲಿಯೂ ರ‍್ಯಾಕಿನ ಮೇಲೆ ತೆಂಗಿನ ರುಚಿಯ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಟ್ಟಿರುತ್ತಿದ್ದರು. ಹಸಿರೇ ಆಗಬೇಕು, ಹಳಸಿರಬಾರದು, ಯಾರೂ ತೆರೆಯಬಾರದು. ಒಂದು ದಿನ ಹುಡುಗ ಅದನ್ನು ತೆರೆದು ತಿಂದುಬಿಟ್ಟ. ಆ ಮಧ್ಯಾಹ್ನವೇ ಒಂದು ಇಡೀ ಸಾಲು ಕಾರ್ಡುಗಳು ಸತ್ತವು. ಕಂಪನಿಯವರೆಲ್ಲ ಸುತ್ತ ನಿಂತು ನಕ್ಕರು. ಹುಡುಗ ಮಾತ್ರ ಅಳುತ್ತ, ಮಾರನೆಯ ದಿನ ತನ್ನ ಪುಡಿಗಾಸಿನಲ್ಲಿ ಹೊಸ ಪೊಟ್ಟಣ ತಂದಿಟ್ಟು ರ‍್ಯಾಕಿಗೆ ಕೈಮುಗಿದಿದ್ದ.

ದುರಸ್ತಿ ವಿಭಾಗದ ಪೆಂಗ್ ಅವಳಿಗಿಂತ ತುಂಬ ಕಿರಿಯವನು. ಅವಳ ಕೈಯಲ್ಲಿದ್ದ ಕಾರ್ಡು ನೋಡಿ ಹತ್ತಿರ ಬಂದ.

“ಏನ್ ಲಾಯ್ ಜ್ಯೇ, ಈ ಅಜ್ಜನ್ನ ಎಲ್ಲಿಂದ ಹಿಡ್ಕೊಂಡ್ ಬಂದ್ರಿ? ಇದು ನಮ್ದೇ ಹಳೇ ಮಾಲು.”

“ಮಗಂದು. ಫ್ಯಾನ್ ಬೇಕಿತ್ತು.”

“ಶಿಂಚುಲಿರೋ ಮಗಂದಾ? ಅಷ್ಟು ದುಡಿಯೋನು ಹೊಸದು ತಗೊಳ್ಳೋದಲ್ವಾ?”

“ಇದೇ ಅಭ್ಯಾಸ ಅವ್ನಿಗೆ” ಎಂದಳು ಚಿನ್‌ಫೆಂಗ್. ಮಗ ಇನ್ನೂ ಶಿಂಚುವಿನಲ್ಲಿಯೇ ಇದ್ದಾನೆಂದು ಕಂಪನಿಯಲ್ಲಿ ಎಲ್ಲರೂ ನಂಬಿದ್ದರು. ಅವಳು ಸುಳ್ಳು ಹೇಳಿದ್ದಳು ಅನ್ನುವುದಕ್ಕಿಂತ, ಅವರು ಕೇಳಿದಾಗ ತಿದ್ದಿರಲಿಲ್ಲ.

ಸತ್ತ ಕಾರ್ಡುಗಳ ರಾಶಿಯಿಂದ ಪೆಂಗ್ ಒಂದು ಒಳ್ಳೆಯ ಫ್ಯಾನು ಆರಿಸಿ ಕೊಟ್ಟ. ಊಟದ ಬಿಡುವಿನಲ್ಲಿ ಅವಳು ಕಾರ್ಡು ಬಿಚ್ಚಿದಳು. ಶಾಖ ಎಳೆದುಕೊಳ್ಳಲೆಂದು ಚಿಪ್ಪಿನ ಮೇಲೆ ಹಚ್ಚಿದ್ದ ಹಳೆಯ ಪೇಸ್ಟು ಒಣಗಿ ಸುಣ್ಣದಂತಾಗಿತ್ತು. ಅದನ್ನು ಒರೆಸಿ ಹೊಸದು ಹಚ್ಚಿದಳು. ಲೋಹದ ರೆಕ್ಕೆಗಳ ನಡುವಿನ ಧೂಳನ್ನು ಬ್ರಶ್ಶಿನಿಂದ ತೆಗೆದಳು. ಧೂಳಿನ ಜೊತೆ ಒಂದೆರಡು ಕೂದಲು ಬಂದವು. ಒಂದು ನೆರೆತಿತ್ತು. ತನ್ನ ಮಗನ ತಲೆ ನೆರೆಯಲು ಶುರುವಾಗಿದೆ ಎಂಬುದು ಅವಳಿಗೆ ತಿಳಿದದ್ದು ಹಾಗೆ.

ಆ ಕೂದಲನ್ನು ಬೆರಳಿನಲ್ಲಿ ಹಿಡಿದುಕೊಂಡು ಕೂತವಳಿಗೆ ಆ ಯೋಚನೆ ಬಂತು.

ಅವಳ ಕಸುಬಿನಲ್ಲಿ ಕೆಟ್ಟದ್ದು ಎಲ್ಲಿದ್ದರೂ ಮೇಜಿಗೆ ಹಿಂದಿರುಗಿ ಬರುತ್ತದೆ. ಬರಲೇಬೇಕು, ಬೇರೆ ದಾರಿಯಿಲ್ಲ. ಫ್ಯಾನು ಕೆಟ್ಟದ್ದಕ್ಕೆ ಕಾರ್ಡು ತಟ್ಟೆಯ ತನಕ ಬಂತು. ಸರಿಯಾಗಿದೆ ಎಂದು ಹೇಳಿ ಕೊಟ್ಟ ಮೇಲೂ ಅದು ನಿಲ್ಲದಿದ್ದರೆ? ಎಲ್ಲಿ ಕೆಟ್ಟಿದೆಯೆಂದು ನೋಡಿದರೂ ತಿಳಿಯದಿದ್ದರೆ? ಆಗ ತಟ್ಟೆ ಸಾಲದು. ಬಾಗಿಲು ತೆಗೆಯಬೇಕು, ಬಾಯಿಬಿಟ್ಟು ಹೇಳಬೇಕು. ಆಚು ಹೇಳಿದ ಹಾಗೆ ಎಸೆಯುವುದಲ್ಲ, ಕಾರ್ಡಿಗೆ ಒಂದಿಷ್ಟೂ ಹಾನಿಯಿಲ್ಲ, ವೇಗ ಮಾತ್ರ ಏರಿಸುವುದು. ತಣ್ಣಗಿರುವಾಗ ಓಡಬೇಕು, ಆಟ ರಂಗೇರಿ ಕಾದ ಮೇಲೆ ಚಿತ್ರ ಹೆಪ್ಪುಗಟ್ಟಿ ಬೀಳಬೇಕು.

ಮೊದಲು ಅವಳ ಕೈ ಚಾಳಿಯಂತೆ ಸರಿಯಾದ ವೇಗವನ್ನೇ ಹುಡುಕಿ ಬರೆಯಿತು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ಅದನ್ನು ಅಳಿಸಿ ಎಲ್ಲೆಯ ಆಚೆಗಿನದನ್ನು ಬರೆದಳು. ಇಷ್ಟು ವರ್ಷಗಳ ದುಡಿಮೆಯಲ್ಲಿ ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಅವಳ ಕೈಯಿಂದ ಹೊರಟ ಕಾರ್ಡು ಅದೊಂದೇ.

ಶನಿವಾರ ಸಂಜೆ ತಟ್ಟೆಯಲ್ಲಿ ಹಂದಿಮಾಂಸದ ಒಗ್ಗರಣೆಯ ಅನ್ನ, ಹಾಗಲಕಾಯಿ ಸಾರು, ಪಕ್ಕದಲ್ಲಿ ಕಾರ್ಡು ಇಟ್ಟಳು. ಹೊಸ ಕಾಗದದ ಟೊಪ್ಪಿಗೆ ಮಡಿಚಿ ತೊಡಿಸಿದ್ದಳು. “ಆಹಾನ್, ಫ್ಯಾನ್ ಹೊಸದು ಹಾಕಿದೀನಿ” ಎಂದು ಬಾಗಿಲಿಗೆ ಹೇಳಿದಳು.  ಅವಳು ಅಡುಗೆಮನೆಗೆ ಹೋದ ಮೇಲೆ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಯಾವಾಗಲೂ ಹಾಗೆಯೇ, ಅವಳು ಆ ಕಡೆ ಸರಿದ ಮೇಲೆ.

ಭಾನುವಾರ ಮಧ್ಯಾಹ್ನ ಬಾಗಿಲ ಈಚೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಳಲೆ ಸುಲಿಯುತ್ತಿದ್ದಳು. ಒಳಗೆ ಫ್ಯಾನು ಶುರುವಾಯಿತು. ಗರಗರವಿಲ್ಲ, ನುಣ್ಣಗಿನ ಸದ್ದು. ತನ್ನ ಕೆಲಸ ಚೆನ್ನಾಗಿದೆಯೆಂದು ತನಗರಿವಿಲ್ಲದೆ ಹಿಗ್ಗಿದಳು. ಸದ್ದು ಏರಿತು, ಏರಿದಲ್ಲಿಯೇ ನಿಂತಿತು. ಆಟ ರಂಗಿಗೆ ಬಂದಿದೆ. ಅವಳ ಕೈ ಸುಲಿಯುವುದನ್ನು ನಿಲ್ಲಿಸಿತು.

ಫ್ಯಾನು ಥಟ್ಟನೆ ನಿಂತಿತು.

ಕುರ್ಚಿ ಸರಿದ ಸದ್ದು. ಆಮೇಲೆ ಹೆಜ್ಜೆ. ಅಗಲವಾದ, ಎಳೆದು ಹಾಕುವ ಹೆಜ್ಜೆ, ಅವಳಿಗೆ ನೆನಪಿದ್ದ ಹುಡುಗನ ಹೆಜ್ಜೆಯಲ್ಲ. ಅದು ಬಾಗಿಲ ತನಕ ಬಂತು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ನೆರಳು ಬಿದ್ದವು. ಬಾಗಿಲಿನ ಹಿಡಿ ಅರ್ಧ ತಿರುಗಿತು.

ಚಿನ್‌ಫೆಂಗ್ ಎದ್ದಳು. ಮಡಿಲಿನಿಂದ ಕಳಲೆಯ ತುಂಡೊಂದು ಬಿದ್ದು ಉರುಳಿತು. ತಡೆದುಕೊಳ್ಳಬೇಕಿತ್ತು. ಒಂದು ಉಸಿರಿನಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಗಲಿಲ್ಲ.

“ಬಿತ್ತಾ, ಆಹಾನ್?” ಎಂದಳು. “ಬಾ ಕಂದಾ, ಹೊರಗೆ ಬಾ. ಅಮ್ಮ ಸರಿ ಮಾಡಿಕೊಡ್ತೀನಿ. ನನ್ಗೊತ್ತಿತ್ತು, ಬೀಳತ್ತೆ ಅಂತ…”

ಹಿಡಿ ತಿರುಗಿದಲ್ಲಿಯೇ ನಿಂತಿತು. ತನ್ನ ಬಾಯಿಂದ ಬಂದ ಮಾತು ಅವಳ ಕಿವಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಬಿದ್ದಾಗ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಹಿಡಿ ನಿಧಾನವಾಗಿ ಮೊದಲಿದ್ದಂತೆ ಮರಳಿತು. ನೆರಳುಗಳು ಸಂದಿಯಿಂದ ಸರಿದವು.

ಬೈಗುಳ ಬರಬಹುದು ಎಂದುಕೊಂಡಳು. ಬಂದಿದ್ದರೆ ಚೆನ್ನಾಗಿತ್ತು. ಬೈಗುಳದ ಬದಲು ಕಂಪ್ಯೂಟರು ಮತ್ತೆ ಹೊತ್ತಿದ ಸದ್ದು ಬಂತು. ಫ್ಯಾನು ಏರಿತು, ಬಿತ್ತು. ಮತ್ತೆ ಹೊತ್ತಿತು, ಏರಿತು, ಈ ಸಲ ಸ್ವಲ್ಪ ಹೆಚ್ಚು ಹೊತ್ತು ನಿಂತು ಬಿತ್ತು. ಅದು ಆಟದ ಏರಿಳಿತವಲ್ಲ. ಒಂದೇ ಭಾರವನ್ನು ಹೊರಿಸಿ ನೋಡುವ ಸದ್ದು. 

ಮಗ ವೇಗದ ಮೆಟ್ಟಿಲು ಇಳಿಯುತ್ತಿದ್ದ.

ಆ ವಾರವೆಲ್ಲ ಸಂಜೆ ಹಾಗೇ ನಡೆಯಿತು. ಕೆಲಸದಿಂದ ಬಂದು, ತಟ್ಟೆ ಇಟ್ಟು, ಅವಳು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಳಗೆ ಕಾರ್ಡು ಬಿಸಿಯೇರುತ್ತಿತ್ತು. “ಅವಸರ ಮಾಡ್ಬೇಡ, ಇನ್ನೂ ಕಾಯ್ಲಿ” ಎಂದು ಬಾಯೊಳಗೇ ಅನ್ನುತ್ತಿದ್ದಳು. ಅವನು ಅವಸರ ಮಾಡುತ್ತಿರಲಿಲ್ಲ. ಕಾರ್ಡು ಬೀಳುತ್ತಿತ್ತು. “ಒಂದೇ ಮೆಟ್ಟಿಲು, ಎರಡು ಹಾರ್ಬೇಡ.” ಅವನು ಹಾರುತ್ತಿರಲಿಲ್ಲ. ನಡುವೆ ಬಾಗಿಲಿದ್ದರೂ ಒಂದೇ ಮೇಜಿನ ಮುಂದೆ ಕೂತು ದುಡಿದ ಹಾಗಿತ್ತು. ಅವಳ ಪಾಲಿಗೆ ಅಷ್ಟು ವರ್ಷಗಳಲ್ಲಿ ಸುಖ ಎಂದು ಕರೆಯಬಹುದಾದದ್ದು ಬಂದಿದ್ದರೆ ಆ ಸಂಜೆಗಳೇ. ಬುಧವಾರ ಅನ್ನದ ಜೊತೆ ಒಂದು ಹಸಿರು ಪೊಟ್ಟಣವನ್ನೂ ಇಟ್ಟಳು. ಬೆಳಿಗ್ಗೆ ಅದು ತೆರೆಯದೆ ಹಿಂದಕ್ಕೆ ಬಂತು.

ಶುಕ್ರವಾರ ಕಾರ್ಡು ಬೀಳದೆ ನಿಂತಿತು. ಫ್ಯಾನು ಏರಿ, ಏರಿದಲ್ಲಿಯೇ, ಅವಳು ಊಟ ಮಾಡಿ ಪಾತ್ರೆ ತೊಳೆದು ಬಂದರೂ ಒಂದೇ ಸಮನೆ ಹಾಡುತ್ತಿತ್ತು. ಮುಗಿಯಿತು ಎಂದುಕೊಂಡಳು. ಆಗ ಸದ್ದು ಇಳಿಯಿತು. ಕಂಪ್ಯೂಟರು ಆರಿತು, ಹೊತ್ತಿತು. ಫ್ಯಾನು ಮತ್ತೆ ಏರಿ ಹಾಡಿತು. ಮತ್ತೆ ಆರಿತು, ಹೊತ್ತಿತು.

“ಬೇಸಿಗೆಗೊಂದು” ಎಂದಳು ಚಿನ್‌ಫೆಂಗ್ ಬಾಗಿಲಿಗೆ.  “ಮುಪ್ಪಿಗೊಂದು.”

ಮಾರನೆಯ ದಿನ ಮಗ ಬರುತ್ತಾನೆ ಎಂದು ಅವಳಿಗೆ ಯಾಕೋ ಖಾತ್ರಿಯಾಗಿತ್ತು. ಜಗಳಕ್ಕಾದರೂ ಬರುತ್ತಾನೆ. ಯಾಕೆ ಹೀಗೆ ಮಾಡಿದೆ ಎಂದು ಕೇಳುವುದಕ್ಕಾದರೂ ಬರುತ್ತಾನೆ. ಬೆಳಿಗ್ಗೆ ಬೇಗ ಎದ್ದು, ತಲೆ ಬಾಚಿಕೊಂಡು, ಒಳ್ಳೆಯ ಅಂಗಿ ತೊಟ್ಟು ಬಂದಳು.

ತಟ್ಟೆಯ ಮೇಲೆ, ಖಾಲಿ ಬಟ್ಟಲಿನ ಪಕ್ಕದಲ್ಲಿ, ಕಾರ್ಡು ಇತ್ತು. ಒಣಬಟ್ಟೆ ಹಾಸಿತ್ತು. ಟೊಪ್ಪಿಗೆ ತೊಡಿಸಿತ್ತು.

ಮತ್ತೆ ಏನು ಕೆಟ್ಟಿತು? ಸೋಮವಾರ ಅದನ್ನು ಮೇಜಿಗೆ ಹಾಕಿದಳು. ಪೆಂಗ್ ನೋಡಿ ನಕ್ಕ.

“ಹೋ! ಲಾಯ್ ಜ್ಯೇ ಮೇಜಿಂದ ಹೋಗಿದ್ದು ವಾಪಸ್ ಬಂತಾ? ಇವತ್ತು ಗೋಡೆ ಮೇಲೆ ಬರ್ದಿಡ್ಬೇಕು. ಏನಾಗಿದೆ?”

“ನೋಡ್ಬೇಕು.”

ಬೆಳಗಿನಿಂದ ಸಂಜೆಯ ತನಕ ಓಡಿಸಿದಳು. ಏಸಿ ಆರಿಸಿ ಓಡಿಸಿದಳು. ರಟ್ಟಿನ ಡಬ್ಬಿ ಮುಚ್ಚಿ, ಉಸಿರು ಕಟ್ಟುವಂತೆ ಮಾಡಿ ಓಡಿಸಿದಳು. ಒಂದು ಚುಕ್ಕಿ ಸಿಡಿಯಲಿಲ್ಲ. ಒಳಗೆ ಬರೆದ ವೇಗವನ್ನು ತೆರೆದು ನೋಡಿದಳು. ಅವಳು ಬರೆದದ್ದು ಇರಲಿಲ್ಲ. ಕಂಪ್ಯೂಟರಿನಲ್ಲಿ ತಾತ್ಕಾಲಿಕವಾಗಿ ಇಳಿಸಿ ಬಿಟ್ಟಿರಲಿಲ್ಲ, ಕಾರ್ಡಿನ ಒಳಗೇ ತಿದ್ದಿ ಬರೆದಿದ್ದ, ಮೇಜಿನಿಂದ ಹೊರಗೆ ಹೋಗುವ ಮಾಲಿಗೆ ಅವಳು ಬರೆಯುವ ಹಾಗೆ. ಊಟದ ಬಿಡುವಿನ ಆ ಮಧ್ಯಾಹ್ನ ಅವಳ ಕೈ ಮೊದಲು ಬರೆದು, ಆಮೇಲೆ ಅಳಿಸಿದ್ದ ವೇಗವೇ ಅದು. ಒಂದು ಮೆಟ್ಟಿಲು ಹೆಚ್ಚಿಲ್ಲ, ಕಡಿಮೆಯಿಲ್ಲ.

ಪೆಂಗ್ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. “ಯಾರು ತಿದ್ದಿದ್ದು ಇದನ್ನ? ಮಗನಾ? ಕೈ ಚೆನ್ನಾಗಿದೆ ಲಾಯ್ ಜ್ಯೇ. ನೀವು ಹೋದ್ಮೇಲೆ ಈ ಮೇಜಿಗೆ ಯಾರು ಅಂತ ನಂಗೂ ಚಿಂತೆ ಆಗಿತ್ತು. ಶಿಂಚು ಬೇಜಾರಾದ್ರೆ ಬರೋಕೆ ಹೇಳಿ.”

“ಹೇಳ್ತೀನಿ” ಎಂದಳು.

ಕೆಟ್ಟದ್ದು ಹಿಂದಕ್ಕೆ ಬರುತ್ತದೆ ಎಂದು ನಂಬಿ ಬಾಳಿದವಳಿಗೆ, ಏನೂ ಕೆಡದೆ ಹಿಂದಕ್ಕೆ ಬಂದದ್ದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಗ ಜಗತ್ತಿನಲ್ಲಿ ಇನ್ನೂ ನಂಬುತ್ತಿದ್ದದ್ದು ಒಂದೇ, ಅಮ್ಮನ ಕೈಗೆ ಕೊಟ್ಟರೆ ಸರಿಹೋಗುತ್ತದೆ ಎಂದು. ಅದಕ್ಕೇ ತಟ್ಟೆಯಲ್ಲಿ ಇಟ್ಟಿದ್ದ. ಅದನ್ನು ಅವಳು ಕೆಡಿಸಿ ಕೊಟ್ಟಳು. ಅವನು ಸರಿ ಮಾಡಿ ಹಿಂದಿರುಗಿಸಿದ.

ಆ ಸಂಜೆ ಅನ್ನದ ಪಕ್ಕದಲ್ಲಿ ಕಾರ್ಡನ್ನು ಮತ್ತೆ ಇಟ್ಟಳು. ಮಂಡಿಯೂರಿ ಬಾಗಿಲಿಗೆ ಬಾಯಿ ಹತ್ತಿರ ತಂದಳು.

“ಆಹಾನ್, ತಪ್ಪಾಯ್ತು. ನಾನು ಮುಟ್ಟಿಲ್ಲ, ನೀನು ಬರೆದ ಹಾಗೇ ಇದೆ. ತಗೋ ಕಂದಾ. ನೀನು ಹೊರಗೆ ಬರೋದು ಬೇಡ. ಆಡ್ಕೋ. ಆಡ್ಕೊಂಡಿರು, ಅಷ್ಟೇ.”

ಬೆಳಿಗ್ಗೆ ಬಟ್ಟಲು ಖಾಲಿಯಾಗಿತ್ತು. ಕಾರ್ಡು ಇಟ್ಟಲ್ಲಿಯೇ ಇತ್ತು.

ಆಚು ಹಿಗ್ಗಿದಳು. “ಸದ್ದೇ ಇಲ್ಲ ಅಂತೀಯಲ್ಲಕ್ಕಾ, ಆಟ ಬಿಟ್ನಾ? ನಾನು ಹೇಳ್ಲಿಲ್ವಾ! ಇನ್ನೇನು, ಬೇಜಾರಾಗಿ ಬಂದೇ ಬರ್ತಾನೆ ನೋಡು. ಬಂದ ದಿನ ಕೆಳಗೆ ಕಳ್ಸು, ಎರಡು ಮೊಟ್ಟೆ ಹಾಕಿ ದೋಸೆ ಮಾಡ್ಕೊಡ್ತೀನಿ. ದುಡ್ಡು ಬೇಡ.”

ಚಿನ್‌ಫೆಂಗಳೂ ಕೆಲವು ದಿನ ಹಾಗೇ ನಂಬಲು ನೋಡಿದಳು. ಆದರೆ ಅವನು ಬರಲಿಲ್ಲ. ಅವನ ಸದ್ದೂ ಹೋಯಿತು. ಮೊದಲು ಎಚ್ಚರವೋ ನಿದ್ದೆಯೋ, ಊಟವೋ ಆಟವೋ, ಎಲ್ಲ ಗೋಡೆಯಾಚೆಯಿಂದ ಕೇಳುತ್ತಿತ್ತು. ಈಗ ಬಾಗಿಲಿಗೆ ಕಿವಿ ಒತ್ತಿದರೂ ಏನೂ ಇಲ್ಲ. ಎಂದಾದರೂ ಒಮ್ಮೆ ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು. ಅದಷ್ಟರಿಂದ, ಮತ್ತೆ ಬೆಳಿಗ್ಗೆಯ ಖಾಲಿ ಬಟ್ಟಲಿನಿಂದ, ಒಳಗೆ ಒಂದು ಜೀವ ಇದೆಯೆಂದು ಅವಳು ತಿಳಿಯಬೇಕಾಯಿತು. ಕತ್ತಲಲ್ಲಿ ಗೋಡೆ ನೋಡುತ್ತ ಕೂತಿದ್ದಾನೋ, ಮಲಗಿಯೇ ಇರುತ್ತಾನೋ. ಕೇಳಿದರೆ ಹೇಳುವವರಿಲ್ಲ.

ನಡುಬೇಸಿಗೆ ಬಂತು. ಮನೆಯ ಕಬ್ಬಿಣದ ಕಿಟಕಿಗಳು ಮುಟ್ಟಲಾಗದಷ್ಟು ಕಾದವು. ಯಾವ ಬೇಸಿಗೆಗೆಂದು ಆಹಾನ್ ಒಂದು ಮೆಟ್ಟಿಲು ಇಳಿಸಿಟ್ಟಿದ್ದನೋ ಆ ಬೇಸಿಗೆ ಕಾರ್ಡಿನ ಪಾಲಿಗೆ ತಟ್ಟೆಯ ಮೇಲೆಯೇ ಕಳೆಯುತ್ತಿತ್ತು. ಪ್ರತಿ ಸಂಜೆ ಅನ್ನದ ಜೊತೆ ಇಡುವುದು, ಪ್ರತಿ ಬೆಳಿ‌ಗ್ಗೆ ಬಟ್ಟಲಿನ ಜೊತೆ ಎತ್ತುವುದು. ಇಡದಿರಲು ಅವಳಿಗೆ ಧೈರ್ಯವಿಲ್ಲ. ಎಂದು ಇಡುವುದಿಲ್ಲವೋ ಅಂದೇ ಅವನು ಅದಕ್ಕಾಗಿ ಕೈ ಚಾಚಿದರೆ?

ಒಂದು ಬೆಳಿಗ್ಗೆ ಮಾತ್ರ, ಸೆಕೆಗೆ ಬೆವೆತು ಮೆತ್ತಗಾಗಿದ್ದ ಕಾಗದದ ಟೊಪ್ಪಿಗೆಯ ಬದಲು ಗರಿಗರಿಯಾದ ಹೊಸದಿತ್ತು. ಅವಳು ಮಡಿಚಿದ್ದಲ್ಲ. ಅವಳು ಅದನ್ನು ಹಿಡಿದುಕೊಂಡು ಬಾಗಿಲನ್ನು ನೋಡಿದಳು. ಸಂದಿಯಲ್ಲಿ ನೆರಳಿರಲಿಲ್ಲ.  ಕೆಲಸಕ್ಕೆ ತಡವಾಯಿತು.

ಸಂಜೆ ಕಂಬಿ ಹಿಡಿದು, ಪ್ರತಿ ಮಹಡಿಯಲ್ಲಿಯೂ ನಿಂತು, ಮೇಲೆ ಬಂದಳು. ಅಕ್ಕಿ ತೊಳೆದು ಇಟ್ಟಳು. ಅನ್ನ ಬೇಯುವ ತನಕ ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡು ಫ್ಯಾನಿನ ರೆಕ್ಕೆಗಳ ಮೇಲಿನ ಧೂಳು ಒರೆಸಿದಳು. ಬೆರಳಿನಿಂದ ಒಮ್ಮೆ ತಿರುಗಿಸಿದಳು. ಒಳ್ಳೆಯ ಫ್ಯಾನು, ಕಿವಿಯ ಹತ್ತಿರ ಹಿಡಿದರೂ ಸದ್ದು ಮಾಡದೆ ತಿರುಗಿ ನಿಂತಿತು. ಆಮೇಲೆ ಬಟ್ಟಲಿಗೆ ಅನ್ನ ಹಾಕಿ, ತಟ್ಟೆಯ ಒಂದು ಅಂಚಿಗೆ ಬಟ್ಟಲು, ಇನ್ನೊಂದು ಅಂಚಿಗೆ ಕಾರ್ಡು ಇಟ್ಟು, ಗೋಡೆ ಹಿಡಿದು ಮೆಲ್ಲನೆ ಬಗ್ಗಿದಳು.